ಐರನ್ ಮೇಡನ್ ಮೊದಲ ಎಲ್‌ಪಿ: ಹಾಡಿಗಿಂತ ಮೊದಲು ಕಾಣುವ ಮುಖ

ಇದು ಹಾಡುಗಳ ವಿಮರ್ಶೆಯಲ್ಲ, ರಟ್ಟಿನ ವಿಮರ್ಶೆ. 1980ರ ಏಪ್ರಿಲ್ 14ರಂದು ಇಎಂಐ ಕಂಪನಿ ಹೊರತಂದ, ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಮೊದಲ ಎಲ್‌ಪಿಯ (ಹಾಡುಗಳ ದೊಡ್ಡ ವಿನೈಲ್ ತಟ್ಟೆಯ) ಕವರ್, ಬ್ಯಾಂಡನ್ನು ಜನರ ಬಳಿ ಒಯ್ಯುವ ಕೆಲಸ ಎಷ್ಟು ಚೆನ್ನಾಗಿ ಮಾಡಿತು, ಎಲ್ಲಿ ಎಡವಿತು ಎಂಬುದಷ್ಟೇ ಇಲ್ಲಿನ ಪ್ರಶ್ನೆ. ನಮ್ಮ ಮಟ್ಟಿಗೆ ರಾಕ್ ಸಂಗೀತದ ಕವರುಗಳಲ್ಲಿ ಇಷ್ಟು ದುಡಿದದ್ದು ಬಹಳ ಕಡಿಮೆ. ಆದರೆ ಅದು ಒಂಟಿಯಾಗಿ ದುಡಿಯಲಿಲ್ಲ. ಬೆನ್ನಿಗೆ ಒಂದು ವಾರಪತ್ರಿಕೆ ಇತ್ತು.

ಪತ್ರಿಕೆಯಿಂದಲೇ ಶುರು ಮಾಡಬೇಕು. ಬಾಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ 1975ರ ಕ್ರಿಸ್‌ಮಸ್ ದಿನ ಪೂರ್ವ ಲಂಡನ್ನಿನಲ್ಲಿ ಕಟ್ಟಿದ ಈ ಬ್ಯಾಂಡ್ ಮೂರು ವರ್ಷ ಪಬ್ಬುಗಳಲ್ಲೇ ನುಡಿಸಿಕೊಂಡಿತ್ತು. 1978ರ ಕೊನೆಯಲ್ಲಿ ರೆಕಾರ್ಡ್ ಮಾಡಿದ ಡೆಮೊ (ಮಾದರಿ) ಟೇಪು ಲಂಡನ್ನಿನ ಕಿಂಗ್ಸ್‌ಬರಿಯ ಬ್ಯಾಂಡ್‌ವ್ಯಾಗನ್ ಎಂಬಲ್ಲಿ ರಾಕ್ ಡಿಸ್ಕೊ ನಡೆಸುತ್ತಿದ್ದ ನೀಲ್ ಕೇ ಕೈ ಸೇರಿತು. ಅಲ್ಲಿ ಕೇಳುಗರು ಬೇಡಿಕೆಯಿಟ್ಟ ಹಾಡುಗಳ ಪಟ್ಟಿಯನ್ನು 'ಸೌಂಡ್ಸ್' ವಾರಪತ್ರಿಕೆ ಅಚ್ಚು ಹಾಕುತ್ತಿತ್ತು. ಇನ್ನೂ ಮಾರಾಟಕ್ಕೇ ಬರದ ಹಾಡೊಂದು ಆ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1979ರ ಮೇ ತಿಂಗಳಲ್ಲಿ ಕ್ಯಾಮ್ಡನ್ನಿನ ಮ್ಯೂಸಿಕ್ ಮಷೀನ್‌ನಲ್ಲಿ ಏಂಜಲ್ ವಿಚ್, ಐರನ್ ಮೇಡನ್, ಸ್ಯಾಮ್ಸನ್ ಒಂದೇ ರಾತ್ರಿ ನುಡಿಸಿದವು. 'ಸೌಂಡ್ಸ್'ನ ಜೆಫ್ ಬಾರ್ಟನ್ ಅದರ ವರದಿ ಬರೆದರು, ಸಂಪಾದಕ ಅಲನ್ ಲೂಯಿಸ್ ಈ ಹೊಸ ಅಲೆಗೆ 'ನ್ಯೂ ವೇವ್ ಆಫ್ ಬ್ರಿಟಿಷ್ ಹೆವಿ ಮೆಟಲ್' ಎಂಬ ಹೆಸರು ಕೊಟ್ಟರು. ಆ ಬ್ಯಾಂಡುಗಳ ಶೈಲಿ ಒಂದೇ ಆಗಿರಲಿಲ್ಲ. ಆದರೆ ಹೆಸರು ಬಿದ್ದ ಮೇಲೆ ಅಂಗಡಿಯವನಿಗೆ ತಟ್ಟೆ ಯಾವ ಕಪಾಟಿನಲ್ಲಿಡಬೇಕೆಂದು ತಿಳಿಯಿತು, ಓದುಗನಿಗೆ ಏನೆಂದು ಕೇಳಬೇಕೆಂದು ತಿಳಿಯಿತು. ಪತ್ರಿಕೆ ಬ್ಯಾಂಡಿಗೆ ಮಾಡಬಹುದಾದ ದೊಡ್ಡ ಉಪಕಾರ ಇದೇ. ಹೊಗಳಿಕೆ ಆಮೇಲಿನದು.

ಪತ್ರಿಕೆ ಕೊಡಲಾಗದ್ದು ಮುಖ. 1979ರ ನವೆಂಬರಿನಲ್ಲಿ ಬ್ಯಾಂಡ್ ಆ ಡೆಮೊದ ಮೂರು ಹಾಡುಗಳನ್ನು 5,000 ಪ್ರತಿ ಒತ್ತಿಸಿ ಅಂಚೆಯಲ್ಲಿ ಮಾರಿದಾಗ ಕವರಿನ ಮೇಲಿದ್ದದ್ದು ವೇದಿಕೆಯ ಒಂದು ಫೋಟೊ. ಅಂಥ ಫೋಟೊ ಆಗ ಊರಿನ ಪ್ರತಿ ಬ್ಯಾಂಡಿನ ಬಳಿಯೂ ಇತ್ತು. ವೇದಿಕೆಯ ಹಿಂಬದಿಯಲ್ಲಿ ಮಾತ್ರ ಬೇರೆಯದೊಂದು ಇತ್ತು: ವೇದಿಕೆಯ ದೀಪ ನೋಡಿಕೊಳ್ಳುತ್ತಿದ್ದ ಹುಡುಗ ಮಾಡಿದ ಮುಖವಾಡ, ಅದರ ಬಾಯಿಂದ ಮೀನಿನ ತೊಟ್ಟಿಯ ಪಂಪಿನಲ್ಲಿ ಹರಿಯುತ್ತಿದ್ದ ಕೆಂಪು ನೀರು. ಹೆಸರು ಎಡ್ಡಿ. ಮ್ಯಾನೇಜರ್ ರಾಡ್ ಸ್ಮಾಲ್‌ವುಡ್ ಅದಕ್ಕೆ ತಕ್ಕ ಚಿತ್ರಕ್ಕಾಗಿ ಹುಡುಕುತ್ತಿದ್ದಾಗ ಡೆರೆಕ್ ರಿಗ್ಸ್ ಎಂಬ ಕಲಾವಿದನ ಕೃತಿ ಕಣ್ಣಿಗೆ ಬಿತ್ತು. ರಿಗ್ಸ್ ಅದನ್ನು ಪಂಕ್ (ಆ ಕಾಲದ ಇನ್ನೊಂದು ಒರಟು ರಾಕ್ ಶೈಲಿ) ಕವರಿನ ಆಸೆಯಿಂದ ಮೊದಲೇ ಬರೆದಿಟ್ಟಿದ್ದರು. ಬ್ಯಾಂಡ್ ಕೇಳಿದ ತಿದ್ದುಪಡಿ ಒಂದೇ, ಕೂದಲು ಹೆಚ್ಚಿಸಿ. ಈ ತಿದ್ದುಪಡಿಯನ್ನು ವಿನ್ಯಾಸ ಕಲಿಯುವವರು ಗಮನಿಸಬೇಕು. ಗಿಡ್ಡ ಕೂದಲೆಂದರೆ ಪಂಕ್, ಉದ್ದ ಕೂದಲೆಂದರೆ ಮೆಟಲ್ ಎಂದು ಓದಿಕೊಳ್ಳುತ್ತಿದ್ದ ಕಾಲದಲ್ಲಿ ಕುಂಚದ ಕೆಲವೇ ಎಳೆಗಳು ಚಿತ್ರವನ್ನು ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿಸಿದವು.

ಬಿಡುಗಡೆಯ ಕ್ರಮ ಇನ್ನೂ ಜಾಣತನದ್ದು. ಫೆಬ್ರುವರಿ 8ರ ಮೊದಲ ಸಿಂಗಲ್ (ಒಂದೆರಡು ಹಾಡಿನ ಸಣ್ಣ ತಟ್ಟೆ) ಕವರಿನಲ್ಲಿ ಎಡ್ಡಿಯ ಮುಖ ಕತ್ತಲಲ್ಲೇ ಉಳಿಯಿತು. ಯಾರಿದು ಎಂಬ ಪ್ರಶ್ನೆ ಎರಡು ತಿಂಗಳು ತೂಗಾಡಿ, ಏಪ್ರಿಲ್‌ನಲ್ಲಿ ಎಲ್‌ಪಿ ಬಂದಾಗ ಮುಖ ಪೂರ್ತಿ ತೆರೆದುಕೊಂಡಿತು. ಸಿಂಗಲ್ ಬ್ರಿಟನ್ನಿನ ಪಟ್ಟಿಯಲ್ಲಿ 34ಕ್ಕೆ ನಿಂತಿದ್ದರೆ ಎಲ್‌ಪಿ 4ಕ್ಕೆ ಏರಿತು. ಮೇ ತಿಂಗಳ ಸಿಂಗಲ್‌ನಲ್ಲಿ ಎಡ್ಡಿಯ ಜೊತೆ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕಾಣಿಸಿಕೊಂಡರು, ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿಯೊಂದಿಗೆ. ಸಂಗೀತಕ್ಕೆ ಜಾಗ ಕೊಡದ ದಿನಪತ್ರಿಕೆಯೂ ಆ ಚಿತ್ರಕ್ಕೆ ಜಾಗ ಕೊಟ್ಟಿತು.

ಈಗ ಕವರನ್ನೇ ಕೈಗೆತ್ತಿಕೊಳ್ಳಿ. ಮುಂಬದಿಯಲ್ಲಿ ಬ್ಯಾಂಡಿನವರ ಮುಖ ಒಂದೂ ಇಲ್ಲ. ಮುಂದೆ ಹಾಡುಗಾರರೇ ಬದಲಾದರೂ ಗುರುತು ಕೆಡದೆ ಉಳಿದದ್ದು ಇದರಿಂದಲೇ. ಆಲ್ಬಮ್ಮಿಗೆ ಬೇರೆ ಹೆಸರಿಲ್ಲದ್ದರಿಂದ ಲೋಗೋ ಒಂದೇ ಎರಡು ಕೆಲಸ ಮಾಡುತ್ತದೆ. ಅಕ್ಷರಗಳು ಚೂಪು ಮೂಲೆಯವು, ದಪ್ಪ, ಸಣ್ಣ ಎಳೆಗಳೇ ಇಲ್ಲ. ಆರ್, ಎಮ್ ಮತ್ತು ಎನ್‌ಗಳ ಕಾಲು ಮಾತ್ರ ಸಾಲಿನಿಂದ ಆಚೆ ಚಾಚಿಕೊಂಡಿವೆ. ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಶಾಯಿ ಹರಡಿ ತೆಳು ಗೆರೆಗಳು ಮುಚ್ಚಿಹೋಗುತ್ತವೆ. ಈ ಲೋಗೋ ಪತ್ರಿಕೆಯ ಕಪ್ಪುಬಿಳುಪು ಜಾಹೀರಾತಿನಲ್ಲೂ, ಜೆರಾಕ್ಸ್ ಮಾಡಿದ ಕರಪತ್ರದಲ್ಲೂ, ಬಾಲ್‌ಪೆನ್ನಿನಲ್ಲಿ ಬರೆದ ನೋಟ್‌ಬುಕ್ ರಟ್ಟಿನಲ್ಲೂ ಬದುಕುತ್ತದೆ. 1990ರ ದಶಕದಲ್ಲಿ ಬ್ಯಾಂಡ್ ಆ ಚಾಚಿದ ಕಾಲುಗಳನ್ನು ಕತ್ತರಿಸಿತು, 2015ರಲ್ಲಿ ಮರಳಿ ತಂದಿತು. ತಂದದ್ದೇ ಸರಿ.

ಕೊರತೆಯೂ ಇದೆ. ಎಲ್‌ಪಿ ಕವರ್ ಸುಮಾರು 31.5 ಸೆಂಟಿಮೀಟರ್ ಚೌಕ, ಸಿಡಿಯದು 12. ಅಂದರೆ ವಿಸ್ತೀರ್ಣ ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕ್ಯಾಸೆಟ್ಟಿನ ಮುಂಭಾಗದ ಅಗಲ 6.5 ಸೆಂಟಿಮೀಟರ್ ಮಾತ್ರ, ಚೌಕ ಚಿತ್ರ ಕೂರಿಸಿದರೆ ಇಪ್ಪತ್ತಮೂರರಲ್ಲಿ ಒಂದು ಪಾಲು. ಅಷ್ಟಕ್ಕೆ ಕುಗ್ಗಿಸಿದಾಗ ಹಿನ್ನೆಲೆಯ ಇಟ್ಟಿಗೆ ಗೋಡೆ, ರಾತ್ರಿಯ ಬೀದಿ ಎಲ್ಲ ಮಸಿಯಾಗುತ್ತವೆ. ರಿಗ್ಸ್ ತಮ್ಮ ಚಿತ್ರಗಳಲ್ಲಿ ಅಡಗಿಸಿಡುವ ಸಹಿಯ ಗುರುತನ್ನು ಹುಡುಕುವ ಸುಖವಂತೂ ಎಲ್‌ಪಿಯಲ್ಲಿ ಮಾತ್ರ. ಆದರೆ ಮೊಬೈಲಿನ ಒಂದು ಸೆಂಟಿಮೀಟರ್ ಚೌಕದಲ್ಲೂ ತಲೆ ಮತ್ತು ಲೋಗೋ ಉಳಿಯುತ್ತವೆ. ಹಿಂಬದಿ ಸಪ್ಪೆ; ಮತ್ತೆ ಅದೇ ವೇದಿಕೆಯ ಫೋಟೊಗಳು.

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ಬ್ಯಾಂಡ್ ನುಡಿಸುವ ಹೊತ್ತಿಗೆ ಎಡ್ಡಿಗೆ ಇಲ್ಲಿ ಪರಿಚಯ ಬೇಕಿರಲಿಲ್ಲ. ನಮ್ಮ ಬ್ಯಾಂಡುಗಳಿಗೆ 'ಸೌಂಡ್ಸ್' ಇರಲಿಲ್ಲ, 1993ರಲ್ಲಿ ಅಮಿತ್ ಸೈಗಲ್ ಅಲಹಾಬಾದಿನಿಂದ ಶುರು ಮಾಡಿದ 'ರಾಕ್ ಸ್ಟ್ರೀಟ್ ಜರ್ನಲ್' ಆ ಜಾಗ ತುಂಬಿತು. ಇಂದು ಕವರ್ ಮಾಡಿಸುವ ಬ್ಯಾಂಡ್ ಮುದ್ರಣಕ್ಕೆ ಕೊಡುವ ಮೊದಲು ಮೂರು ಪರೀಕ್ಷೆ ಮಾಡಲಿ: ಒಂದು ಸೆಂಟಿಮೀಟರಿಗೆ ಕುಗ್ಗಿಸಿ ನೋಡುವುದು, ಬಣ್ಣ ತೆಗೆದು ನೋಡುವುದು, ಮೂರು ಮೀಟರ್ ದೂರದಿಂದ ಹೆಸರು ಓದುವುದು. ಪರದೆಯ ಮೇಲೆ ಮಿಂಚುವ ಕಡುನೀಲಿ ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಗುವುದು ಖಂಡಿತ, ಹಾಗಾಗಿ ಕಾಗದದ ಮೇಲೆ ಒಂದು ಪ್ರೂಫ್ ತೆಗೆಸಿ. ನಾಲ್ಕೂ ಶಾಯಿ ಸೇರಿದ ಕಪ್ಪಿನ ಮೇಲೆ ಸಣ್ಣ ಬಿಳಿ ಅಕ್ಷರ ಬೇಡ, ಮುದ್ರಣದ ಪ್ಲೇಟು ಕೂದಲೆಳೆ ಸರಿದರೂ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ಪತ್ರಿಕೆಗೆ ಕಳಿಸುವ ಚಿತ್ರ ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ, ಅಡ್ಡ ಮತ್ತು ಉದ್ದ ಎರಡೂ ಇರಲಿ, ಛಾಯಾಗ್ರಾಹಕರ ಹೆಸರು ಫೈಲಿನ ಹೆಸರಿನಲ್ಲೇ ಇರಲಿ. ಮಾಸಿಕಗಳು ಪುಟಗಳನ್ನು ವಾರಗಟ್ಟಲೆ ಮೊದಲೇ ಮುಗಿಸುತ್ತವೆ. ಬಿಡುಗಡೆಯ ದಿನ ಕಳಿಸಿದ ಕವರ್ ಯಾವ ಸಂಚಿಕೆಗೂ ಸೇರುವುದಿಲ್ಲ.

ಕೊಳ್ಳುವವರಿಗೆ: ಚಿತ್ರಕ್ಕಾಗಿ ಕೊಳ್ಳುವುದಾದರೆ 2014ರ 180 ಗ್ರಾಂ ಕಪ್ಪು ವಿನೈಲ್ ಮರುಮುದ್ರಣ ಸಾಕು, ಹಳೆಯ ಪ್ರತಿಗೆ ದುಬಾರಿ ಬೆಲೆ ತೆರಬೇಕಿಲ್ಲ. ತಟ್ಟೆಯ ಮೇಲೇ ಚಿತ್ರ ಒತ್ತಿದ ಪಿಕ್ಚರ್ ಡಿಸ್ಕ್ ಗೋಡೆಗೆ ಚೆಂದ, ಸೂಜಿಯಡಿ ಸದ್ದು ಹೆಚ್ಚು. ಹಳೆಯ ಪ್ರತಿಯನ್ನೇ ನೋಡುವುದಾದರೆ ಕವರನ್ನು ಬೆಳಕಿಗೆ ಓರೆ ಹಿಡಿಯಿರಿ. ಒಳಗಿನ ತಟ್ಟೆ ಒತ್ತಿ ಮೂಡಿದ ಉಂಗುರದ ಸವೆತ ಇಂಥ ಕಪ್ಪು ಕವರಿನಲ್ಲಿ ಬಿಳಿಯಾಗಿ ಎದ್ದು ಕಾಣುತ್ತದೆ, ಅದನ್ನು ಅಳಿಸಲಾಗದು. ಮನೆಗೆ ತಂದ ಮೇಲೆ ನೆಟ್ಟಗೆ ನಿಲ್ಲಿಸಿಡಿ, ಹೊರಗೊಂದು ಪ್ಲಾಸ್ಟಿಕ್ ಚೀಲ ಹಾಕಿ. ತಟ್ಟೆಯನ್ನು ಕವರಿನ ಒಳಗಿಡದೆ ಅದರ ಹಿಂದೆ ಬೇರೆ ಕಾಗದದ ಚೀಲದಲ್ಲಿಟ್ಟರೆ ಅಂಚು ಸೀಳುವುದಿಲ್ಲ. ಮಳೆಗಾಲದಲ್ಲಿ ಗೋಡೆಗೆ ತಾಗಿಸಬೇಡಿ, ರಟ್ಟಿಗೆ ಬೂಷ್ಟು ಹಿಡಿಯುತ್ತದೆ.