ದಾವಣಗೆರೆ ನಾಣ್ಯ ಮೇಳದ ಹಳೇ ಕಾಮಿಕ್ಸ್ ಮೇಜು: ಖಂಡಿತ ಹೋಗಿ, ನಿಧಾನಕ್ಕೆ ನೋಡಿ

ನಾಣ್ಯ, ಅಂಚೆಚೀಟಿ ಮೇಳಕ್ಕೆ ಬರುವವರು ಮೂಲೆಯಲ್ಲಿರುವ ಪುಸ್ತಕದ ಮೇಜನ್ನು ನೋಡದೇ ದಾಟಿಬಿಡ್ತಾರೆ. ದಾವಣಗೆರೆಯಲ್ಲಿ ಮೇಳ ನಡೆದಾಗ ನೀವು ಹಾಗೆ ಮಾಡಬೇಡಿ. ಅಲ್ಲಿ ಹಳೇ ಕಾಮಿಕ್ಸ್ ಮಾರುವ ಯಜಮಾನರೊಬ್ಬರು ಕೂರುತ್ತಾರೆ. ನಾನು ಇಲ್ಲಿಯವರೆಗೆ ನೋಡಿದ ಮಾರಾಟಗಾರರಲ್ಲಿ ಅತಿ ನೇರ ವ್ಯಾಪಾರ ಅವರದೇ.

ಮೇಜಿನ ಮೇಲೆ ಜಾಸ್ತಿ ಇರುವುದು ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಮುಖವಾಡದ ವೀರ ಫ್ಯಾಂಟಮ್‌ನ ಕಥೆಯಿಂದ ಶುರು ಮಾಡಿ 1990ರಲ್ಲಿ ನಿಲ್ಲಿಸಿದ ಮಾಲೆ ಅದು. ಅಂದರೆ ಕೊನೆಯ ಸಂಚಿಕೆಗೂ ಮೂವತ್ತು ವರ್ಷ ದಾಟಿದೆ, ಪಿನ್ನು ತುಕ್ಕು ಹಿಡಿಯದ ಪ್ರತಿ ಸಿಕ್ಕರೆ ಅದೇ ದೊಡ್ಡದು. ಇವರು ಪ್ರತಿಯೊಂದನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಹಿಂದೆ ರಟ್ಟು ಇಟ್ಟು, ಮೇಲೊಂದು ಚೀಟಿ ಅಂಟಿಸಿರುತ್ತಾರೆ. ಚೀಟಿಯಲ್ಲಿ ಬೆಲೆಗಿಂತ ಮೊದಲು ಪ್ರತಿಯ ದೋಷ ಬರೆದಿರುತ್ತದೆ. ಮುಖಪುಟಕ್ಕೆ ಸೆಲ್ಲೋ ಟೇಪ್ ಅಂತಲೋ, ಪದಬಂಧ ಪೆನ್ನಿನಲ್ಲಿ ತುಂಬಿದೆ ಅಂತಲೋ, ಬಾಡಿಗೆ ಲೈಬ್ರರಿಯ ಸೀಲು ಇದೆ ಅಂತಲೋ. ನಾನು ಒಂದನ್ನು ಎತ್ತಿಕೊಂಡಾಗ, "ನೋಡಪ್ಪ, ಅದ್ರಲ್ಲಿ ನಡುವಿನ ಹಾಳೆ ಇಲ್ಲ, ಓದೋಕಾದ್ರೆ ತಗೋ, ಇಟ್ಕೊಳ್ಳೋಕಾದ್ರೆ ಬೇಡ" ಅಂದರು. ಯಾರು ಹೀಗೆ ಹೇಳ್ತಾರೆ?

ಅಮೆರಿಕದಲ್ಲಿ ಹೀಗೆ ಪ್ರತಿಯ ಸ್ಥಿತಿ ನೋಡಿ ಹೇಳುವ ಕೆಲಸಕ್ಕೆ ಸಿಜಿಸಿ ಅಂತ ಕಂಪನಿಯೇ ಇದೆ. ಅವರು ಕಾಮಿಕ್ಸ್‌ಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಬಿಡುತ್ತಾರೆ. ನಮ್ಮ ಹಳೇ ಕನ್ನಡ ಕಾಮಿಕ್ಸ್‌ಗೆ ಅಂಥ ಡಬ್ಬಿ ಯಾರು ಮಾಡಿಸ್ತಾರೆ? ಇಲ್ಲಿ ಮಾರುವವರ ಮಾತು, ನಮ್ಮ ಕಣ್ಣು, ಎರಡೇ ಗತಿ. ಅದಕ್ಕೇ ಆ ಚೀಟಿಗಳಿಗೆ ನಾನು ಇಷ್ಟು ಬೆಲೆ ಕೊಡುವುದು.

ಕನ್ನಡದ ಇಂದ್ರಜಾಲ ಇಂಗ್ಲಿಷಿನಷ್ಟು ಸುಲಭಕ್ಕೆ ಕೈಗೆ ಬರುವುದಿಲ್ಲ, ಹಾಗಾಗಿ ರೇಟು ಜಾಸ್ತಿ. ಒಪ್ಪುವ ಮಾತೇ. ಇನ್ನೊಂದು ಸಮಸ್ಯೆ ಬೈಂಡಿಂಗ್‌ದು. ಆಗ ಮನೆಗಳಲ್ಲಿ ಹತ್ತಾರು ಸಂಚಿಕೆ ಸೇರಿಸಿ ಹೊಲಿಸಿ, ಅಂಚು ಕತ್ತರಿಸಿ ಬೈಂಡ್ ಮಾಡಿಸುತ್ತಿದ್ದರು. ಪ್ರೀತಿಯಿಂದಲೇ ಮಾಡಿಸಿದ್ದು, ಆದರೆ ಬಿಚ್ಚಿದರೆ ಪುಟದ ಅಂಚಿನ ಚಿತ್ರವೇ ಹೋಗಿರುತ್ತದೆ. ಇವರು ಬೈಂಡ್ ಬಿಚ್ಚದೆ ಹಾಗೇ ಇಡೀ ಪುಸ್ತಕವಾಗಿ, ಬಿಡಿ ಸಂಚಿಕೆಗಿಂತ ತುಂಬ ಕಡಿಮೆಗೆ ಕೊಡುತ್ತಾರೆ. ಮಕ್ಕಳಿಗೆ ಓದಿಸುವವರು ಅದನ್ನೇ ತಗೊಳ್ಳಿ.

ನನಗೆ ಸರಿ ಅನ್ನಿಸದೇ ಹೋದದ್ದು ಅಮರ ಚಿತ್ರ ಕಥೆಯ ಪೆಟ್ಟಿಗೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಕಟ್ಟಿದ ಆ ಮಾಲೆ ನಮಗೆಲ್ಲ ಗೊತ್ತಿರುವುದೇ. ಅದರ ಇಂಗ್ಲಿಷ್ ಸಾಲು 11ನೇ ನಂಬರಿನ 'ಕೃಷ್ಣ'ದಿಂದ ಶುರುವಾಗುತ್ತದೆ, ಯಾಕಂದ್ರೆ ಮೊದಲ ಹತ್ತು ಬಂದದ್ದು ಕನ್ನಡದಲ್ಲಿ, ಅವೂ ಸಿಂಡ್ರೆಲಾ ಥರದ ಹೊರದೇಶದ ಕಥೆಗಳು. ಆ ಹತ್ತರಲ್ಲಿ ಒಂದಾದರೂ ಇರಬಹುದು ಅಂತ ಆಸೆಯಿಂದ ಹುಡುಕಿದೆ. ಇರಲಿಲ್ಲ. ಇದ್ದದ್ದೆಲ್ಲ ಮರುಮುದ್ರಣ, ಅದಕ್ಕೂ ಹಳೇ ಪ್ರತಿಯ ರೇಟು. ಇದೇ ಕಥೆಗಳು ಹೊಸದಾಗಿ ಅಂಗಡಿಯಲ್ಲೇ ಸಿಗುವಾಗ ಇದು ಜಾಸ್ತಿ ಆಯ್ತು ಅಂತ ಅವರಿಗೇ ಹೇಳಿದೆ. "ಮುಂದಿನ ಸಲ ಬೇರೆ ಮಾಡಿ ಇಡ್ತೀನಿ" ಅಂದರು. ನೀವು ಕೊಳ್ಳುವಾಗ ಒಳಪುಟ, ಹಿಂಬದಿ ಎರಡರಲ್ಲೂ ಅಚ್ಚಾದ ಬೆಲೆ, ಮುದ್ರಣದ ವರ್ಷ ನೋಡಿಕೊಳ್ಳಿ. ಮುಖಪುಟದ ಚಿತ್ರ ಹಳೇ ಪ್ರತಿಗೂ ಮರುಮುದ್ರಣಕ್ಕೂ ಒಂದೇ ಇರಬಹುದು.

ಚೌಕಾಸಿ ನಡೆಯುತ್ತದೆ, ಆದರೆ ಒಂದೇ ಪ್ರತಿಗೆ ಅಲ್ಲ, ನಾಲ್ಕೈದು ಸೇರಿಸಿ ಕೇಳಿ. ಫೋನ್‌ಪೇ ತಗೋತಾರೆ. ನಿಮ್ಮ ಹತ್ತಿರ ಇಲ್ಲದ ನಂಬರುಗಳ ಪಟ್ಟಿ ಬರೆದುಕೊಟ್ಟರೆ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡು, ಸಿಕ್ಕಾಗ ಫೋನ್ ಮಾಡುತ್ತಾರೆ. ನನಗೆ ಹಾಗೇ ಇಂದ್ರಜಾಲದ ಜಾದೂಗಾರ ಮ್ಯಾಂಡ್ರೇಕ್‌ನ ಒಂದು ಸಂಚಿಕೆ ಸಿಕ್ಕಿತು. ಅದೇ ಮಾಲೆಯ ನಮ್ಮ ದೇಶದ ನಾಯಕ ಬಹಾದೂರ್‌ನ ಸಂಚಿಕೆ ಬೇಕಿದ್ದವರು ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಒಂದೂ ಉಳಿದಿರುವುದಿಲ್ಲ.