ಚರ್ಚ್‌ನ ಸಮಾಜ ಸೇವಾ ಸಂಸ್ಥೆ ನಡೆಸುವ ಮಹಿಳಾ ಸಂಘ: ಸೇರುವ ಮೊದಲು ಲೆಕ್ಕದ ಪುಸ್ತಕ ನೋಡಿ

ಕರ್ನಾಟಕದ ಕಥೋಲಿಕ ಧರ್ಮಪ್ರಾಂತ್ಯಗಳಿಗೆ ತಮ್ಮದೇ ಸಮಾಜ ಸೇವಾ ಸಂಸ್ಥೆಗಳಿವೆ. ಮಂಗಳೂರಿನ ಸಿಒಡಿಪಿ, ಮೈಸೂರಿನ ಒಡಿಪಿ ಹೆಸರು ಆ ಕಡೆಯ ಹಳ್ಳಿಗಳಲ್ಲಿ ಬಹಳ ಜನ ಕೇಳಿರುತ್ತಾರೆ. ಇಲ್ಲಿ ತೂಗಿ ನೋಡುತ್ತಿರುವುದು ಯಾವುದೋ ಒಂದು ಸಂಸ್ಥೆಯನ್ನಲ್ಲ, ಇಂಥವು ಹಳ್ಳಿ, ಕಾಲೊನಿ, ಕೊಳೆಗೇರಿಗಳಲ್ಲಿ ಕಟ್ಟಿಕೊಡುವ ಮಹಿಳಾ ಸ್ವಸಹಾಯ ಸಂಘ ಎಂಬ ಸೇವೆಯನ್ನು. ವಾರಕ್ಕೆ 50 ರೂಪಾಯಿ ತೆಗೆದಿಡಬಲ್ಲ, ಆರು ತಿಂಗಳು ತಾಳಬಲ್ಲ ಬಡ ಹೆಣ್ಣುಮಗಳಿಗೆ ಇದಕ್ಕಿಂತ ಒಳ್ಳೆಯ ಸಾಲದ ದಾರಿ ಸಿಗುವುದು ಕಷ್ಟ. ನಾಳೆಯೇ 30,000 ರೂಪಾಯಿ ಬೇಕು ಎನ್ನುವವರಿಗೆ ಇದು ಒದಗುವುದಿಲ್ಲ.

ಸಂಘದಲ್ಲಿ 10ರಿಂದ 20 ಜನ. 15 ಜನರ ಸಂಘವೊಂದು ತಲಾ 50 ರೂಪಾಯಿಯಂತೆ ವಾರ ತಪ್ಪದೆ ಕಟ್ಟಿದರೆ 26 ವಾರಕ್ಕೆ 19,500 ರೂಪಾಯಿ ಕೂಡುತ್ತದೆ. ಈ ದುಡ್ಡು ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿರಬಾರದು. ಎರಡನೇ ತಿಂಗಳಿಂದಲೇ ಒಳಗೊಳಗೆ ಸಾಲವಾಗಿ ಓಡಾಡಬೇಕು. ಬಡ್ಡಿ ಸಾಮಾನ್ಯವಾಗಿ ನೂರಕ್ಕೆ ತಿಂಗಳಿಗೆ 2 ರೂಪಾಯಿ. ಇಲ್ಲೇ ಮೊದಲ ಪ್ರಶ್ನೆ ಕೇಳಬೇಕು: ಬಡ್ಡಿ ಹಾಕುವುದು ಉಳಿದ ಅಸಲಿನ ಮೇಲೋ, ಮೊದಲು ಕೊಟ್ಟ ಮೊತ್ತದ ಮೇಲೋ? 10,000 ರೂಪಾಯಿ ಸಾಲವನ್ನು ತಿಂಗಳಿಗೆ ಸಾವಿರದಂತೆ 10 ಕಂತಿನಲ್ಲಿ ತೀರಿಸಿದರೆ, ಉಳಿದ ಅಸಲಿನ ಮೇಲಿನ ಬಡ್ಡಿ ಒಟ್ಟು 1,100 ರೂಪಾಯಿ. ಮೊದಲ ಮೊತ್ತದ ಮೇಲೇ ಹಾಕುತ್ತಾ ಹೋದರೆ 2,000. ದರ ಎರಡೂ ಕಡೆ ‘ಎರಡು ಪರ್ಸೆಂಟ್’ ಎಂದೇ ಹೇಳುತ್ತಾರೆ! ಒಳ್ಳೆಯ ಸಂಘಗಳಲ್ಲಿ ಮೊದಲಿನ ಲೆಕ್ಕವೇ ಇರುತ್ತದೆ, ಬಂದ ಬಡ್ಡಿಯೂ ಸಂಘದ ನಿಧಿಗೇ ಸೇರುತ್ತದೆ. ವಾರದ ಕಂತಿಗೆ ಮನೆಬಾಗಿಲಿಗೆ ಬಂದು ನಿಲ್ಲುವ ಫೈನಾನ್ಸ್‌ನವರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಅಂಥ ವಸೂಲಿಯ ಕಿರುಕುಳ ಮಿತಿಮೀರಿದ್ದರಿಂದಲೇ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ಸೇರುವ ಮೊದಲು ಒಂದು ಸಭೆಗೆ ಹೋಗಿ ಸುಮ್ಮನೆ ಕೂತು ನೋಡಿ. ಹಾಜರಿ, ಕಳೆದ ವಾರದ ನಡಾವಳಿ ಓದುವುದು, ಉಳಿತಾಯ ಕಟ್ಟುವುದು, ಕಂತು ಕಟ್ಟುವುದು, ಹೊಸ ಸಾಲದ ಬೇಡಿಕೆ, ಚರ್ಚೆ, ಠರಾವು. ಇಷ್ಟಕ್ಕೆ ಒಂದು ಗಂಟೆ ಸಾಕು. ಕೊನೆಗೆ ಎಲ್ಲರ ಮುಂದೆ ದುಡ್ಡು ಎಣಿಸಬೇಕು, ಎಣಿಸಿದ ಮೊತ್ತವನ್ನು ಜೋರಾಗಿ ಹೇಳಬೇಕು, ಪ್ರತಿಯೊಬ್ಬರ ಪಾಸ್‌ಬುಕ್ಕಿನಲ್ಲಿ ಅಲ್ಲೇ ಬರೆಯಬೇಕು. ‘ಪಾಸ್‌ಬುಕ್ ಇಟ್ಟು ಹೋಗಿ, ಆಮೇಲೆ ಬರೆದು ಕೊಡ್ತೀವಿ’ ಎನ್ನುವ ಸಂಘಕ್ಕೆ ಸೇರಬೇಡಿ. ಸಂಘ ಮುರಿದ ಕಡೆಯಲ್ಲೆಲ್ಲ ಆ ‘ಆಮೇಲೆ’ಯಿಂದಲೇ ಶುರುವಾಗಿರುತ್ತದೆ.

ಈ ಸೇವೆಯ ಜೀವ ಇರುವುದು ಎನಿಮೇಟರ್ ಎಂದು ಕರೆಯುವ ಕ್ಷೇತ್ರ ಕಾರ್ಯಕರ್ತೆಯಲ್ಲಿ. ಚರ್ಚ್‌ನ ಸಂಸ್ಥೆಗಳು ಉಳಿದವರಿಗಿಂತ ಮುಂದಿರುವುದೂ ಇಲ್ಲೇ. ಅದೇ ಊರಿನ, ಅದೇ ಕಷ್ಟ ಗೊತ್ತಿರುವ ಹೆಣ್ಣುಮಗಳನ್ನು ಆರಿಸಿ ತರಬೇತಿ ಕೊಡುತ್ತಾರೆ. ಹಾಡಿಯಲ್ಲೋ ತೋಟದ ಲೈನ್ ಮನೆಯಲ್ಲೋ ಸಂಜೆ ಏಳಕ್ಕೆ ಸಭೆ ಎಂದರೆ ಆಕೆ ಏಳಕ್ಕೆ ಅಲ್ಲಿರುತ್ತಾಳೆ. ಆಕೆಯ ಬೆನ್ನಿಗೆ ಕಾನ್ವೆಂಟಿನ ಸಿಸ್ಟರ್ ಇದ್ದರಂತೂ ಕುಡಿದು ಹೊಡೆಯುವ ಗಂಡನ ವಿಷಯ, ಶಾಲೆ ಬಿಟ್ಟ ಮಗಳ ವಿಷಯವೂ ಸಭೆಯಲ್ಲಿ ಮಾತಿಗೆ ಬರುತ್ತದೆ. ಸಾಲಕ್ಕಿಂತ ಇದು ದೊಡ್ಡ ಲಾಭ ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಆದರೆ ಕೆಡುವುದೂ ಇದೇ ಜಾಗದಲ್ಲಿ. ಆಕೆಗೆ ಸಿಗುವುದು ಸಣ್ಣ ಗೌರವಧನ. ಗಾರ್ಮೆಂಟ್ಸ್‌ನಲ್ಲೋ ಅಂಗಡಿಯಲ್ಲೋ ಕೆಲಸ ಸಿಕ್ಕರೆ ಬಿಟ್ಟು ಹೋಗುತ್ತಾಳೆ. ಅಷ್ಟು ದಿನ ಎಲ್ಲ ಸಂಘಗಳ ಪುಸ್ತಕವನ್ನೂ ಆಕೆಯೇ ಬರೆದಿದ್ದರೆ, ಬಿಟ್ಟ ಮೇಲೆ ತಿಂಗಳುಗಟ್ಟಲೆ ಲೆಕ್ಕ ನಿಲ್ಲುತ್ತದೆ. ಲೆಕ್ಕ ನಿಂತ ಮೇಲೆ ಕಂತು ನಿಲ್ಲಲು ತಡವಿಲ್ಲ. ಸದಸ್ಯೆಯರಲ್ಲೇ ಇಬ್ಬರಿಗೆ ಬರೆಯಲು ಕಲಿಸಬೇಕು. ಯಾರಿಗೂ ಓದುಬರಹ ಬಾರದಿದ್ದರೆ ಪಿಯುಸಿ ಓದುವ ಮಗಳೊಬ್ಬಳಿಗೆ ತಿಂಗಳಿಗಿಷ್ಟು ಎಂದು ಸಂಘವೇ ಕೊಟ್ಟು ಬರೆಸಬೇಕು. ಪುಸ್ತಕ ಸಂಘದ್ದು, ಬರೆಯುವ ಕೂಲಿಯೂ ಸಂಘದ್ದೇ ಆಗಿರಬೇಕು. ಸಂಸ್ಥೆ ನೋಡಿಕೊಳ್ಳುವ ಫಾದರ್‌ಗೆ ವರ್ಗವಾದಾಗಲೂ ಇದೇ ಪರೀಕ್ಷೆ. ಹೊಸದಾಗಿ ಬಂದವರ ಗಮನ ಸಮುದಾಯ ಭವನ ಕಟ್ಟುವ ಕಡೆ ಹೋದರೆ, ಪುಸ್ತಕ ತಾನೇ ಬರೆಯುವ ಸಂಘ ಗಟ್ಟಿಯಾಗಿ ನಿಲ್ಲುತ್ತದೆ, ಉಳಿದವು ಕರಗುತ್ತವೆ.

ಬ್ಯಾಂಕ್ ಸಾಲದ ಬಗ್ಗೆ. 1992ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕ್ (ನಬಾರ್ಡ್) 500 ಸಂಘಗಳ ಗುರಿಯಿಟ್ಟು ಆರಂಭಿಸಿದ, ಸಂಘಕ್ಕೆ ಬ್ಯಾಂಕಿನಿಂದ ಸಾಲ ಕೊಡಿಸುವ ಲಿಂಕೇಜ್ ವ್ಯವಸ್ಥೆ ಈಗ ಎಲ್ಲ ಕಡೆ ಇದೆ. ಸಂಘ ಆರು ತಿಂಗಳಿಂದ ಸರಿಯಾಗಿ ನಡೆಯುತ್ತಿದೆ ಎಂದು ಪುಸ್ತಕ ಹೇಳಿದರೆ ಸಾಲ ಕೇಳಬಹುದು; ಖಾತೆ ತೆರೆದು ಆರು ತಿಂಗಳಾಗಬೇಕು ಎಂದು ಮ್ಯಾನೇಜರ್ ಹೇಳಿದರೆ ಅದು ನಿಯಮವಲ್ಲ. ಸಂಜೀವಿನಿ ಎಂಬ ಸರ್ಕಾರಿ ಜೀವನೋಪಾಯ ಯೋಜನೆಗೆ ಸೇರಿದ ಸಂಘಗಳಿಗೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಉಳಿತಾಯ ಖಾತೆಯನ್ನು ತಡೆಹಿಡಿಯುವಂತಿಲ್ಲ. ಎನಿಮೇಟರ್‌ಗೆ ಇಷ್ಟು ಗೊತ್ತಿದೆಯೇ, ಬ್ಯಾಂಕಿಗೆ ಜೊತೆಯಲ್ಲಿ ಬಂದು ಮಾತಾಡುತ್ತಾಳೆಯೇ ಎಂದು ವಿಚಾರಿಸಿ. ಸಾಲ ಬಂದ ದಿನ ಅದನ್ನು ಸಮಪಾಲು ಮಾಡಿ ಹಂಚುವ ರೂಢಿ ಬಹಳ ಕಡೆ ಇದೆ. ಜಗಳ ತಪ್ಪುತ್ತದೆ ನಿಜ, ಆದರೆ ಬೇಡದವಳಿಗೂ ಸಾಲ ಬರುತ್ತದೆ. ಆಕೆ ಅದನ್ನು ಇನ್ನೊಬ್ಬಳಿಗೆ ದಾಟಿಸುತ್ತಾಳೆ. ಆರು ತಿಂಗಳಲ್ಲಿ ಒಬ್ಬಳ ತಲೆ ಮೇಲೆ ನಾಲ್ವರ ಕಂತು ಕೂತಿರುತ್ತದೆ.

ಹಸು ಕೊಡಿಸುವ ಯೋಜನೆಗಳು ಈ ಸಂಸ್ಥೆಗಳಿಗೆ ಬಹಳ ಪ್ರಿಯ. ಮಿಶ್ರತಳಿ ಹಸುವಿಗೆ ಮೈ ಹಿಡಿಯಲು ದಿನಕ್ಕೆ ಒಂದೂವರೆ ಕೆ.ಜಿ. ಹಿಂಡಿ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಬೇಕು, ಹಸಿ ಮೇವು ಬೇರೆ. ಜಮೀನಿಲ್ಲದವಳು ಬೇಸಿಗೆಯಲ್ಲಿ ಮೇವನ್ನು ಕೊಂಡು ಸಾಕಿದರೆ ಹಾಲಿನ ದುಡ್ಡು ಮೇವಿಗೇ ಹೋಗುತ್ತದೆ. ನಡೆದು ಹೋಗುವಷ್ಟು ದೂರದಲ್ಲಿ ಡೇರಿ, ಮಳೆ ಶುರುವಾದ ಮೇಲೆ ಖರೀದಿ, ಹಸುವಿನ ಗುರುತಿಗೆ ಹಾಕುವ ಕಿವಿಯೋಲೆಯೊಂದಿಗೆ ವಿಮೆ. ಈ ಮೂರೂ ಇಲ್ಲದಿದ್ದರೆ ಎರಡು ಆಡು ಒಳ್ಳೆಯದು. ಕಿವಿಯೋಲೆ ಬಿದ್ದುಹೋದರೆ ತಕ್ಷಣ ತಿಳಿಸಿ ಹೊಸದು ಹಾಕಿಸಬೇಕು; ಓಲೆ ಇಲ್ಲದ ಹಸು ಸತ್ತರೆ ವಿಮೆ ಸಿಗುವುದಿಲ್ಲ. ಹೊಲಿಗೆ ತರಬೇತಿಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಯಾರು ಬಟ್ಟೆ ಹೊಲಿಸುತ್ತಾರೆ ಎಂದು ಮೊದಲೇ ಗೊತ್ತಿಲ್ಲದ ಕಡೆ ಮಷಿನ್ ಮೂಲೆ ಸೇರುತ್ತದೆ.

ಮತದ ಪ್ರಶ್ನೆ ನೇರವಾಗಿಯೇ ಕೇಳಿ. ಇಂಥ ಸಂಘಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಹೆಣ್ಣುಮಕ್ಕಳು ಒಟ್ಟಿಗೆ ಇರುತ್ತಾರೆ. ಪ್ರಾರ್ಥನೆ ಇದ್ದರೆ ಎಲ್ಲರೂ ಹಾಡಬಲ್ಲದ್ದಾಗಿರಬೇಕು. ಸಾಲಕ್ಕೂ ಪೂಜೆಗೂ ಗಂಟು ಹಾಕುವ ಮಾತು ಒಂದೇ ಒಂದು ಬಂದರೂ ಎದ್ದು ಬನ್ನಿ. ಇನ್ನೊಂದು ಕಡೆ, ದಲಿತ ಕ್ರೈಸ್ತ ಸದಸ್ಯೆಯರಿಗೆ ಒಂದು ಅಡಚಣೆ ಇದೆ. 1950ರ ರಾಷ್ಟ್ರಪತಿ ಆದೇಶದಿಂದಾಗಿ ಅವರು ಪರಿಶಿಷ್ಟ ಜಾತಿಯಲ್ಲಿ ಬರುವುದಿಲ್ಲ, ಕರ್ನಾಟಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ-1. ಪರಿಶಿಷ್ಟ ಜಾತಿಯವರಿಗಾಗಿರುವ ಅಂಬೇಡ್ಕರ್ ನಿಗಮದ ಅರ್ಜಿಯಲ್ಲಿ ಅವರ ಹೆಸರು ಬಿಟ್ಟುಹೋಗುತ್ತದೆ. ಅವರಿಗೆ ಕರ್ನಾಟಕ ಕ್ರಿಶ್ಚಿಯನ್ ಸಮುದಾಯ ಅಭಿವೃದ್ಧಿ ನಿಗಮದಲ್ಲಿ ಬೇರೆ ಅರ್ಜಿ ಹಾಕಿಸುವ ಕೆಲಸ ಸಂಸ್ಥೆ ಮಾಡಬೇಕು.

ಹೊರಗಿನ ದುಡ್ಡನ್ನು ನಂಬಿ ಕಟ್ಟಿದ್ದು ಎಷ್ಟು ದಿನ ಎಂಬುದಕ್ಕೆ ಕರಾವಳಿಯಲ್ಲೇ ಹಳೆಯ ಪಾಠವಿದೆ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡ್ ಮೂಲದ ಬಾಸೆಲ್ ಮಿಶನ್, ಮತಾಂತರದಿಂದ ಕುಲಕಸುಬು ಕಳೆದುಕೊಂಡವರಿಗಾಗಿ ನೇಯ್ಗೆ ಶುರುಮಾಡಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಸಾವಿರಾರು ಮನೆಗಳಲ್ಲಿ ಒಲೆ ಉರಿಯಿತು. ಆದರೆ ಮೊದಲ ಮಹಾಯುದ್ಧ ಬಂದಾಗ ಆ ಉದ್ಯಮಗಳು ಮಿಶನ್ ಕೈತಪ್ಪಿದವು. ಈಗಿನ ಸಂಸ್ಥೆಗಳಿಗೆ ಅಂಥ ಹೊಡೆತ 2020ರಲ್ಲಿ ಬಿತ್ತು. ವಿದೇಶಿ ದೇಣಿಗೆ ಕಾಯ್ದೆಯ ತಿದ್ದುಪಡಿ, ಒಂದು ಸಂಸ್ಥೆ ಪಡೆದ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇ. 20ಕ್ಕೆ ಇಳಿಸಿತು. ಮೇಲಿನ ಸಂಸ್ಥೆಯಿಂದ ಹಣ ಪಡೆದು ಎನಿಮೇಟರ್‌ಗಳಿಗೆ ಕೊಡುತ್ತಿದ್ದವರ ಕೈ ಕಟ್ಟಿಹೋಯಿತು.

ಹೀಗಾಗಿ ಸಂಘಗಳೆಲ್ಲ ಸೇರಿದ ಒಕ್ಕೂಟ ಇದೆಯೇ, ಅದರ ಖರ್ಚು ಸಂಘಗಳ ವಂತಿಗೆಯಿಂದ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ಆಗಿ ಅದನ್ನು ಸದಸ್ಯೆಯರಿಗೆ ಓದಿ ಹೇಳುತ್ತಾರೆಯೇ ಎಂಬುದೂ ಮುಖ್ಯ. ಒಕ್ಕೂಟವೇ ಠೇವಣಿ-ಸಾಲದ ವ್ಯವಹಾರಕ್ಕೆ ಇಳಿದಿದ್ದರೆ ಅದು ಸಹಕಾರಿಯಾಗಿ, ಉದಾಹರಣೆಗೆ 1997ರ ಸೌಹಾರ್ದ ಕಾಯ್ದೆಯಡಿ, ನೋಂದಾಯಿತವಾಗಿರಬೇಕು. ಬೈಲಾದಲ್ಲಿ ಸಂಘ ವಿಸರ್ಜನೆಯಾದರೆ ನಿಧಿ ಯಾರಿಗೆ ಸೇರುತ್ತದೆ ಎಂಬ ಸಾಲನ್ನು ಹುಡುಕಿ ಓದಿಸಿಕೊಳ್ಳಿ. ‘ಸದಸ್ಯರಿಗೆ’ ಎಂದಿದ್ದರೆ ಮೊದಲ ವಾರದ 50 ರೂಪಾಯಿ ಕಟ್ಟಬಹುದು.