ಬೀದರಿನ ಐದು ಚಳಿಗಾಲ, ನಾನು ಹಚ್ಚಿಕೊಂಡ ಶಮಾಮಾ ಅತ್ತರು

ನಾನು ಮೈಸೂರಿನವಳು. 2019ರ ಜೂನ್‌ನಲ್ಲಿ ಬ್ಯಾಂಕಿನಿಂದ ವರ್ಗವಾಗಿ ಬೀದರಿಗೆ ಬಂದೆ. ಬರುವಾಗ ಎಲ್ಲರೂ ಬಿಸಿಲಿನ ಬಗ್ಗೆ ಹೆದರಿಸಿದ್ದರು. ಚಳಿಯ ಬಗ್ಗೆ ಯಾರೂ ಹೇಳಿರಲಿಲ್ಲ. ಡಿಸೆಂಬರ್ ಬಂತು ನೋಡಿ, ಬೆಳಗ್ಗೆ ಬಕೆಟ್ಟಿನ ನೀರಿಗೆ ಕೈ ಹಾಕಿದರೆ ಜುಮ್ ಎನ್ನುತ್ತಿತ್ತು. ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಇಲ್ಲಿ ಹೊಸದೇನಲ್ಲ. ಗಾಳಿಯೂ ಒಣ. ತುಟಿ ಒಡೆಯುತ್ತದೆ, ಮುಂಗೈ ಬೆಳ್ಳಗೆ ಬಿರಿಯುತ್ತದೆ. ಮೈಸೂರಿನಲ್ಲಿ ವರ್ಷವಿಡೀ ಹಾಕುತ್ತಿದ್ದ ನಿಂಬೆ ವಾಸನೆಯ ತಿಳಿ ಸೆಂಟು ಇಲ್ಲಿ ಆಫೀಸು ಮುಟ್ಟುವಷ್ಟು ಹೊತ್ತೂ ನಿಲ್ಲಲಿಲ್ಲ.

ಆಗ ಚಳಿಗಾಲಕ್ಕೆಂದೇ ಒಂದು ಪರ್ಫ್ಯೂಮ್ ತರಿಸಿದೆ. ವೆನಿಲಾ, ಕ್ಯಾರಮೆಲ್ ಎಂದೆಲ್ಲ ಬರೆದಿತ್ತು. ಬೆಚ್ಚಗಿರುತ್ತದೆ ಅಂದುಕೊಂಡು ನಾಲ್ಕು ಸಲ ಹೊಡೆದುಕೊಂಡೆ. ಕಿಟಕಿ ಮುಚ್ಚಿದ ಕೌಂಟರ್ ಹಿಂದೆ ಒಂದು ಗಂಟೆ ಕೂತ ಮೇಲೆ ಪಕ್ಕದವರಿಗೆ ತಲೆನೋವು ಶುರುವಾಯಿತು. ಅವರು ಏನೂ ಅನ್ನಲಿಲ್ಲ. ಸುಮ್ನೆ ಎದ್ದು ಕಿಟಕಿ ತೆಗೆದರು. ನನಗೆ ತುಂಬ ಬೇಜಾರಾಯಿತು. ಚಳಿಯಲ್ಲಿ ಇನ್ನೊಬ್ಬರು ಕಿಟಕಿ ತೆಗೆಯುವಂತೆ ಮಾಡುವ ಪರಿಮಳ ಬೆಚ್ಚಗಿನದು ಹೇಗಾದೀತು?

ನಮ್ಮ ಶಾಖೆಯಲ್ಲಿ ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಕ್ಯಾಶಿಯರ್ ಇದ್ದರು. ಅವರ ಹತ್ತಿರ ನಿಂತರೆ ಹಳೇ ಮರದ ಪೆಟ್ಟಿಗೆ ತೆರೆದಂತೆ, ಅದರಲ್ಲಿ ಯಾರೋ ಲವಂಗ ಇಟ್ಟು ಮರೆತಂತೆ ಒಂದು ಪರಿಮಳ. ದೂರ ಹೋದರೆ ಏನೂ ಇಲ್ಲ. ಒಂದು ದಿನ ಕೇಳಿಯೇಬಿಟ್ಟೆ. "ಮೇಡಂ, ಈ ಥಂಡ್ಯಾಗ ನಿಮ್ಮ ಸ್ಪ್ರೇ ನಡ್ಯಂಗಿಲ್ರಿ. ಶಮಾಮಾ ಹಚ್ಕೊಂಡು ನೋಡ್ರಿ" ಅಂದರು. ಕಿವಿಯ ಮಡಿಕೆಯಿಂದ ಕಡಲೆಯಷ್ಟು ದಪ್ಪದ ಹತ್ತಿ ಉಂಡೆ ತೆಗೆದು ತೋರಿಸಿದರು. ಬಿಳಿ ಹತ್ತಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು.

ಮುಂದಿನ ಭಾನುವಾರ ಕಲಬುರಗಿಗೆ ಹೋಗಿ, ಖ್ವಾಜಾ ಬಂದೇನವಾಜ್ ದರ್ಗಾದ ಹತ್ತಿರದ ಒಂದು ಅತ್ತರಿನ ಅಂಗಡಿ ಹುಡುಕಿದೆ. ಅಂಗಡಿಯ ಹಿರಿಯರು ಗಾಜಿನ ಕಡ್ಡಿಯಿಂದ ನನ್ನ ಮಣಿಕಟ್ಟಿಗೂ ಸ್ವೆಟರ್ ತೋಳಿಗೂ ಸೋಕಿಸಿದರು. ಮೊದಲ ಮೂಸುವಿಕೆಗೆ ನನಗೆ ಇಷ್ಟವೇ ಆಗಲಿಲ್ಲ. ಆಯುರ್ವೇದದ ಕಷಾಯದಂತೆ ಖಾರ, ಕಹಿ, ಸ್ವಲ್ಪ ಹೊಗೆ. ಮುಖ ನೋಡಿಯೇ ಅವರಿಗೆ ಗೊತ್ತಾಯಿತು. "ಅಕ್ಕಾರ, ಈಗ ತಗೋಬ್ಯಾಡ್ರಿ. ಊರಿಗೆ ಹೋಗ್ರಿ. ನಾಳಿ ಮುಂಜಾನಿ ಸ್ವೆಟರ್ ಮೂಸಿ ನೋಡ್ರಿ. ಬೇಕನಿಸಿದ್ರ ಬರ್ರಿ" ಅಂದರು. ಮಾರುವವರು ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮರುದಿನ ಬೆಳಗ್ಗೆ ಸ್ವೆಟರ್ ತಲೆಯಿಂದ ಹಾಕಿಕೊಳ್ಳುವಾಗ ತೋಳು ಮೂಗಿನ ಹತ್ತಿರ ಬಂತು. ಕಷಾಯ ಹೋಗಿತ್ತು. ಉಳಿದದ್ದು ಗಂಧ, ಕೇಸರಿ, ಒಣಗಿದ ಎಲೆ, ಮತ್ತು ಯಾರೋ ಈಗಷ್ಟೇ ಎದ್ದು ಹೋದ ಕಂಬಳಿಯ ಬಿಸುಪು. ಮತ್ತೆ ಹೋಗಿ 6 ಎಂಎಲ್ ಸೀಸೆ ತಂದೆ. 900 ರೂಪಾಯಿ.

ಆಗಿನಿಂದ 2024ರ ಫೆಬ್ರವರಿವರೆಗೆ ಐದು ಚಳಿಗಾಲ ಇದನ್ನೇ ಹಚ್ಚಿದ್ದೇನೆ. ಬೇರೆಯವನ್ನೂ ಹೋಲಿಸಿ ನೋಡಿದ್ದೇನೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಶಮಾಮಾ ಒಂದೇ ಹೂವಿನ ಅತ್ತರಲ್ಲ. ಗುಲಾಬಿ, ಕೇದಿಗೆಗಳಂತೆ ಒಂದನ್ನೇ ಬಟ್ಟಿ ಇಳಿಸಿದ್ದಲ್ಲ. ಇದರೊಳಗೆ ಬೇರು, ತೊಗಟೆ, ಮಸಾಲೆಗಳ ಒಂದು ಸಂತೆಯೇ ಇದೆ. ಲವಂಗ, ಏಲಕ್ಕಿ, ಜಾಯಿಕಾಯಿ, ಜಾಪತ್ರೆ, ಜಟಾಮಾಂಸಿ, ಕೊನ್ನಾರಿಗೆಡ್ಡೆ, ಕೇಸರಿ, ಮುಖ್ಯವಾಗಿ ಕಲ್ಲುಹೂವು. ಮಾಡುವ ಮನೆತನಕ್ಕೆ ತಕ್ಕಂತೆ ಪಟ್ಟಿ ಬದಲಾಗುತ್ತದೆ, ಪೂರ್ತಿ ಯಾರೂ ಹೇಳುವುದಿಲ್ಲ. ಉತ್ತರ ಪ್ರದೇಶದ ಕನೌಜ್ ಇದರ ತವರು. ಅಲ್ಲಿ ದೇಗ್ ಎಂಬ ತಾಮ್ರದ ದೊಡ್ಡ ಹಂಡೆಗೆ ಮಸಾಲೆ, ನೀರು ಹಾಕಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ, ಸಣ್ಣ ಉರಿಯಲ್ಲಿ ಕುದಿಸುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹಾದು, ನೀರಿನ ತೊಟ್ಟಿಯಲ್ಲಿಟ್ಟ ಭಪ್ಕಾ ಎಂಬ ಪಾತ್ರೆಗೆ ಇಳಿಯುತ್ತದೆ. ಭಪ್ಕಾದಲ್ಲಿ ಮೊದಲೇ ಗಂಧದೆಣ್ಣೆ ಇರುತ್ತದೆ. ಹಬೆಯಲ್ಲಿ ಬಂದ ಪರಿಮಳವನ್ನು ಆ ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ. ಶಮಾಮಾಕ್ಕೆ ಒಂದು ಸಲ ಇಳಿಸಿದರೆ ಸಾಲದು. ಹಂತ ಹಂತವಾಗಿ ಬೇರೆ ಬೇರೆ ಮಸಾಲೆ ಸೇರಿಸಿ ದಿನಗಟ್ಟಲೆ ಇಳಿಸುತ್ತಾರೆ. ಬೇಸಿಗೆಗೆ ಲಾವಂಚ, ಚಳಿಗೆ ಶಮಾಮಾ ಮತ್ತು ಹಿನಾ ಎಂಬ ಇನ್ನೊಂದು ಅತ್ತರು ಎನ್ನುವುದು ಅತ್ತರು ಹಚ್ಚುವವರ ಹಳೇ ರೂಢಿ.

2020ರ ಜನವರಿಯಲ್ಲಿ ಅಮ್ಮ ಬಂದಿದ್ದರು. ನನ್ನ ಶಾಲು ಮಡಿಸುತ್ತಾ ಮೂಗಿನ ಹತ್ತಿರ ತಂದು ನಿಂತೇಬಿಟ್ಟರು. "ಇದೇನೇ, ಬಿಸಿಬೇಳೆಬಾತಿನ ಪುಡಿ ಹುರಿದ ಹಾಗಿದೆಯಲ್ಲ!" ಅಂದರು. ಬೈಯುತ್ತಿಲ್ಲ, ನೆನಪು ಮಾಡಿಕೊಳ್ಳುತ್ತಿದ್ದಾರೆ ಎಂದು ಮುಖ ನೋಡಿದಾಗ ಗೊತ್ತಾಯಿತು. ಅಜ್ಜಿ ಸಂಕ್ರಾಂತಿ ಮುಂಚೆ ವರ್ಷದ ಪುಡಿಗಳನ್ನೆಲ್ಲ ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತಿದ್ದರಂತೆ. ಜಾಪತ್ರೆ, ಕಲ್ಲುಹೂವು ಕೊನೆಗೆ ಹಾಕಬೇಕು, ಇಲ್ಲದಿದ್ದರೆ ಸೀದು ಕಹಿಯಾಗುತ್ತದೆ. ಹುರಿದ ಮೇಲೆ ಅಜ್ಜಿಯ ಸೆರಗಿನಲ್ಲಿ ಎರಡು ದಿನ ಆ ವಾಸನೆ ಇರುತ್ತಿತ್ತಂತೆ. ಕನೌಜಿನ ಹಂಡೆಯಲ್ಲಿ ಬಿದ್ದದ್ದು ನಮ್ಮ ಡಬ್ಬಿಯ ಸಾಮಾನೇ ಅಲ್ವಾ! ಆವತ್ತಿನಿಂದ ನನಗೆ ಈ ಅತ್ತರು ಪರಊರಿನದು ಅನಿಸಿಲ್ಲ.

ಚಳಿಯಲ್ಲಿ ಭಾರದ ಪರಿಮಳವೇ ಏಕೆ ಎಂದು ಕೇಳುವವರಿಗೆ ನಾನು ತುಪ್ಪ ತೋರಿಸುತ್ತೇನೆ. ಚಳಿಗೆ ಗಟ್ಟಿಯಾದ ತುಪ್ಪದ ಡಬ್ಬಿ ತೆರೆದರೆ ಘಮ ಕಡಿಮೆ. ಅದೇ ತುಪ್ಪ ಒಲೆಯ ಮೇಲಿಟ್ಟರೆ ಮನೆಯೆಲ್ಲ. ಸೆಂಟೂ ಹಾಗೆಯೇ. ತಂಪಿನಲ್ಲಿ ನಿಧಾನಕ್ಕೆ ಏಳುತ್ತದೆ, ಕಡಿಮೆ ದೂರ ಹೋಗುತ್ತದೆ. ನಿಂಬೆ, ಕಿತ್ತಳೆಯಂಥ ಹಗುರ ವಾಸನೆಗಳು ಮೊದಲು ಹಾರಿಹೋಗುತ್ತವೆ, ಅವುಗಳ ಹಿಂದೆ ಹೆಚ್ಚೇನೂ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಗಂಧ, ಸಾಂಬ್ರಾಣಿ, ವೆನಿಲಾ, ಬೇರುಗಳು ಭಾರ. ಮೈಯ ಬಿಸಿಗೆ ಸ್ವಲ್ಪ ಸ್ವಲ್ಪವೇ ಏಳುತ್ತವೆ, ಉಣ್ಣೆಯಲ್ಲಿ ಕೂರುತ್ತವೆ. ಬೇಸಿಗೆಯಲ್ಲಿ ಉಸಿರು ಕಟ್ಟಿಸುವ ಶಮಾಮಾ ಜನವರಿಯಲ್ಲಿ ಮೈಗಂಟಿ ಕೂರುವುದು ಇದಕ್ಕೇ. ಒಮ್ಮೆ ಏಪ್ರಿಲ್‌ನಲ್ಲಿ ಹಚ್ಚಿ ನೋಡಿದೆ. ಮನೆಗೆ ಬಂದು ತೊಳೆದುಕೊಂಡೆ.

2021ರ ಮೇ ತಿಂಗಳಲ್ಲಿ ನನಗೆ ಕೊರೊನಾ ಬಂತು. ಜ್ವರ ಹೋಯಿತು, ಮೂಗು ಬರಲಿಲ್ಲ. ಕಾಫಿ ಬಿಸಿನೀರಿನಂತೆ, ಮಲ್ಲಿಗೆ ಬಿಳಿ ಕಾಗದದಂತೆ. ದಿನಕ್ಕೆ ಎರಡು ಸಲ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ ಮೂಸಿ ಅಭ್ಯಾಸ ಮಾಡಿ ಎಂದು ಡಾಕ್ಟರ್ ಹೇಳಿದರು. ನಾನು ಅವುಗಳ ಜೊತೆಗೆ ಶಮಾಮಾ ಸೀಸೆಯನ್ನೂ ಇಟ್ಟುಕೊಂಡೆ. ಜುಲೈನಲ್ಲಿ ಅದರಿಂದ ಒದ್ದೆ ಕಟ್ಟಿಗೆಯ ವಾಸನೆ ಮಾತ್ರ ಬಂತು. ಆಗಸ್ಟ್ ಕೊನೆಗೆ ಲವಂಗ ಬಂತು. ಮೂಗಿನೊಳಗೆ ಸೂಜಿ ಚುಚ್ಚಿದಂತೆ, ಸರಿಯಾಗಿ ಲವಂಗ. ಕೂತಲ್ಲೇ ಅತ್ತುಬಿಟ್ಟೆ. ಕೇಸರಿ ಬರಲು ನವೆಂಬರ್ ಆಯಿತು. ಗಂಧ ಕೊನೆಗೆ ಬಂತು, ಧನುರ್ಮಾಸದಲ್ಲಿ. ಆ ಚಳಿಗಾಲ ನಾನು ಅತ್ತರು ಹಚ್ಚಿದ್ದು ಬೇರೆ ಯಾರಿಗಾಗಿಯೂ ಅಲ್ಲ. ನನ್ನ ಮೂಗು ನನಗೆ ವಾಪಸ್ ಬಂದಿದೆ ಎಂದು ದಿನಾ ಬೆಳಗ್ಗೆ ಖಚಿತ ಮಾಡಿಕೊಳ್ಳಲಿಕ್ಕೆ.

ಬಳಸುವ ರೀತಿಗೆ ಬರುತ್ತೇನೆ. ಒಣ ಚರ್ಮದ ಮೇಲೆ ಯಾವ ಪರಿಮಳವೂ ನಿಲ್ಲುವುದಿಲ್ಲ. ಸ್ನಾನ ಆದ ಕೂಡಲೇ ಮಣಿಕಟ್ಟಿಗೆ, ಕತ್ತಿನ ಹಿಂದಕ್ಕೆ ಒಂದು ಬೆರಳು ಕೊಬ್ಬರಿ ಎಣ್ಣೆ ಸವರುತ್ತೇನೆ. ಎಣ್ಣೆಗೂ ವಾಸನೆ ಬೇಡ ಅನ್ನುವವರು ವ್ಯಾಸಲಿನ್ ಹಚ್ಚಬಹುದು. ಚಳಿಗೆ ಅತ್ತರು ಮಂದವಾಗಿರುತ್ತದೆ, ಸೀಸೆಯನ್ನು ಅಂಗೈಯಲ್ಲಿ ಒಂದು ನಿಮಿಷ ಹಿಡಿದರೆ ಸಡಿಲವಾಗುತ್ತದೆ. ಆಮೇಲೆ ಗಾಜಿನ ಕಡ್ಡಿಯ ತುದಿ ಸೋಕಿಸಿದರೆ ಸಾಕು. ಹನಿ ಬೀಳಿಸಬೇಡಿ. ಅರ್ಧ ಗಂಟೆಯಲ್ಲಿ ನಮ್ಮ ಮೂಗು ಒಗ್ಗಿಹೋಗುತ್ತದೆ, ವಾಸನೆ ಹೋಯಿತು ಅಂದುಕೊಂಡು ಮತ್ತೆ ಹಚ್ಚುತ್ತೇವೆ. ಪಕ್ಕದವರಿಗೆ ಅದು ಹೋಗಿರುವುದಿಲ್ಲ. ಬೆಳಗ್ಗೆ ಎಂಟಕ್ಕೆ ಹಚ್ಚಿದ್ದು ಮೈಮೇಲೆ ಸಂಜೆ ಐದರವರೆಗೆ ಇರುತ್ತದೆ. ಸ್ವೆಟರಿನಲ್ಲಿ ಎರಡು ಮೂರು ದಿನ.

ತೊಂದರೆಗಳೂ ಇವೆ. ಇದು ಕಲೆ ಮಾಡುತ್ತದೆ. ಬಣ್ಣ ಕಂದು ಕೆಂಪು. ಎರಡನೇ ವರ್ಷ ಕೆನೆ ಬಣ್ಣದ ಇಳಕಲ್ ಸೀರೆಯ ಮೇಲೆ ಒಂದು ಹನಿ ಬಿತ್ತು. ಡ್ರೈಕ್ಲೀನ್ ಮಾಡಿಸಿದರೂ ಪೂರ್ತಿ ಹೋಗಿಲ್ಲ. ಆ ಸೀರೆ ಈಗ ನೆರಿಗೆಯೊಳಗೆ ಕಲೆ ಮುಚ್ಚಿ ಉಡುತ್ತೇನೆ. ಇನ್ನೊಂದು, ಮಸಾಲೆಯ ಅತ್ತರು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಚಳಿಯಲ್ಲಿ ಬಿರಿದ ಮುಂಗೈಗೆ ಹಚ್ಚಿ ನನಗೆ ಉರಿದು ಕೆಂಪಾಗಿತ್ತು. ಮೊದಲು ಮೊಣಕೈ ಒಳಗೆ ಸೋಕಿಸಿ ಒಂದು ದಿನ ನೋಡಿ. ಮಕ್ಕಳಿಗೆ ಬೇಡವೇ ಬೇಡ.

ಬೇರೆಯವುಗಳ ಜೊತೆ ಹೋಲಿಕೆ. ನನ್ನೂರಿನ ಗಂಧದೆಣ್ಣೆ ನನಗೆ ಮೊದಲಿನಿಂದ ಪ್ರೀತಿ. ಮೊದಲ ಮಹಾಯುದ್ಧದಿಂದ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ಮೈಸೂರಿನ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಮರ ಕಳಿಸಲಾಗದಿದ್ದರೆ ಎಣ್ಣೆ ನಾವೇ ತೆಗೆಯೋಣ ಎಂದು ಹೊರಟರಲ್ಲ, ಅದನ್ನು ನೆನೆದರೆ ಈಗಲೂ ಹೆಮ್ಮೆ. ಶುದ್ಧ ಗಂಧದೆಣ್ಣೆ ಹಾಲಿನ ಕೆನೆಯಂತೆ ಮೃದು, ನಿಧಾನ, ದಿನವಿಡೀ ಒಂದೇ ಸಮ. ಆದರೆ ಬೀದರಿನ ಚಳಿಗೆ ನನಗೆ ಅದು ತಂಪು ಅನಿಸುತ್ತದೆ. ಪೂಜೆಯ ಗಂಧ ಹಣೆಗೆ ಇಟ್ಟಾಗಿನ ತಂಪು. ಮನಸ್ಸು ನಿಲ್ಲಿಸಲು ಅದು, ಮೈ ಬೆಚ್ಚಗಾಗಲು ಶಮಾಮಾ. ಒಂದು ಸಲ ರಸ್ತೆ ಬದಿಯಲ್ಲಿ ಕಡಿಮೆ ಬೆಲೆಗೆ ಗಂಧದೆಣ್ಣೆ ಕೊಂಡು ಮೋಸಹೋದೆ. ಮಧ್ಯಾಹ್ನಕ್ಕೆ ಪೆನ್ಸಿಲ್ ಕೆತ್ತಿದ ವಾಸನೆ ಮಾತ್ರ ಉಳಿದಿತ್ತು.

ನನ್ನ ತಮ್ಮ ದುಬೈನಿಂದ ಗೆರ್ಲಾನ್ ಕಂಪನಿಯ ಶಾಲಿಮಾರ್ ಪರ್ಫ್ಯೂಮ್ ತಂದುಕೊಟ್ಟ. ಪ್ಯಾರಿಸ್ಸಿನವರು 1925ರಲ್ಲಿ ಮೊಘಲರ ತೋಟದ ಹೆಸರಿಟ್ಟು ಹೊರತಂದದ್ದು. ಮೊದಲು ಬರ್ಗಮಾಟ್ ಎಂಬ ಕಿತ್ತಳೆ ಜಾತಿಯ ಹಣ್ಣಿನ ಹುಳಿ, ಆಮೇಲೆ ಹೊಗೆಯಾಡುವ ವೆನಿಲಾ. ಸಿಹಿ ವಾಸನೆ ಬೆಚ್ಚಗೂ ಇರಬಹುದು, ತಲೆ ಹಿಡಿಯಬೇಕಿಲ್ಲ ಎಂದು ನನಗೆ ಕಲಿಸಿದ್ದೇ ಇದು. ಮದುವೆ ಮನೆಗೆ, ಸಂಜೆಗೆ ಒಂದೇ ಸಲ ಹೊಡೆದುಕೊಂಡು ಹೋಗುತ್ತೇನೆ. ಸ್ಪ್ರೇಗಳ ಮೇಲೆ ಆಂಬರ್ ಎಂದು ಬರೆದಿದ್ದರೆ ಅದು ಒಂದು ವಸ್ತುವಲ್ಲ, ಸಾಮಾನ್ಯವಾಗಿ ಲ್ಯಾಬ್ಡನಮ್ ಎಂಬ ಗಿಡದಂಟು, ಸಾಂಬ್ರಾಣಿ, ವೆನಿಲಾ ಕೂಡಿಸಿದ ಪರಿಮಳ. ಸಾಂಬ್ರಾಣಿ ಹೊಗೆ ಇಷ್ಟಪಡುವವರಿಗೆ ಅದು ಬೇಗ ಹಿಡಿಸುತ್ತದೆ. ಊದ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಸ್ಸಾಮಿನ ಅಗರು ಮರದ್ದು ಎರಡು ಸಲ ಹಚ್ಚಿದೆ, ದನದ ಕೊಟ್ಟಿಗೆಯ ನೆನಪಾಯಿತು. ಅದನ್ನು ಪ್ರೀತಿಸುವವರು ಬಹಳ ಜನ, ನಾನು ಅವರಲ್ಲಿ ಒಬ್ಬಳಲ್ಲ.

ಖರ್ಚಿನ ಲೆಕ್ಕ. 6 ಎಂಎಲ್ ಎಂದರೆ ಸುಮಾರು ಅರ್ಧ ತೊಲ. ಕಡ್ಡಿ ತುದಿಯಷ್ಟೇ ಹಚ್ಚಿದರೆ ನವೆಂಬರ್‌ನಿಂದ ಫೆಬ್ರವರಿವರೆಗೆ ದಿನಾ ಬಳಸಿ ನನಗೆ ಎರಡು ಚಳಿಗಾಲ ಬಂದಿದೆ. 2021ರಲ್ಲಿ ಎರಡನೇ ಸೀಸೆ, 2023ರಲ್ಲಿ ಮೂರನೆಯದು, ಅದಕ್ಕೆ 1,400 ಕೊಟ್ಟೆ. ಇದೇ ಹೆಸರಿನಲ್ಲಿ ಆಗ 150 ರೂಪಾಯಿಗೂ ಸಿಗುತ್ತಿತ್ತು. ಗಂಧದೆಣ್ಣೆ ದುಬಾರಿಯಾದ ಮೇಲೆ ತುಂಬ ಅತ್ತರುಗಳು ಲಿಕ್ವಿಡ್ ಪ್ಯಾರಫಿನ್, ಡಿಓಪಿ (ಡೈಆಕ್ಟೈಲ್ ಥಾಲೇಟ್ ಎಂಬ ರಾಸಾಯನಿಕ) ಥರದ ಅಗ್ಗದ ಎಣ್ಣೆಗಳಲ್ಲೇ ಬರುತ್ತಿವೆ. "ಯಾವ ಎಣ್ಣೆಯಲ್ಲಿ ಇಳಿಸಿದ್ದು?" ಎಂದು ನೇರವಾಗಿ ಕೇಳಿ. ಒಳ್ಳೆಯ ಅಂಗಡಿಯವರು ಮುಚ್ಚಿಡುವುದಿಲ್ಲ. ಮೊದಲ ಸಲ 3 ಎಂಎಲ್‌ಗಿಂತ ಜಾಸ್ತಿ ತಗೊಳ್ಳಬೇಡಿ. ಆನ್‌ಲೈನಿನಲ್ಲಿ ವಿವರ ಓದಿ ಕೊಳ್ಳುವುದಕ್ಕಿಂತ ಉಣ್ಣೆ ಬಟ್ಟೆಯ ತುಂಡು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಅದಕ್ಕೆ ಸೋಕಿಸಿಕೊಂಡು ಬನ್ನಿ, ಮರುದಿನ ಮೂಸಿ.

ಸಿಹಿ, ಹೂವಿನ ಪರಿಮಳ ಬೇಕೆನ್ನುವವರಿಗೆ ಶಮಾಮಾ ಹಿಡಿಸುವುದಿಲ್ಲ. ಬೆಂಗಳೂರಿನಂಥ ಹದ ಚಳಿಗೆ ವಾರಕ್ಕೆ ಎರಡು ದಿನ ಸಾಕು. ಬೀದರ್, ಕಲಬುರಗಿ, ವಿಜಯಪುರದ ಒಣ ಚಳಿಯಲ್ಲಿ ಇರುವವರು ಒಮ್ಮೆ ಹಚ್ಚಿ ನೋಡಲೇಬೇಕು.

ಮೂರನೇ ಸೀಸೆಯಲ್ಲಿ ಈಗ ಅರ್ಧ ಉಳಿದಿದೆ. ಬೆಳಕು ತಾಗದಂತೆ ಬೀರುವಿನಲ್ಲಿ ಶಾಲುಗಳ ನಡುವೆ ಇಟ್ಟಿದ್ದೇನೆ. ಅಮ್ಮನಿಗೂ 3 ಎಂಎಲ್ ಕಳಿಸಿದೆ. ಅವರು ಮೈಗೆ ಹಚ್ಚುವುದಿಲ್ಲವಂತೆ, ಅಜ್ಜಿಯ ಹಳೇ ಸೀರೆ ಇಟ್ಟ ಟ್ರಂಕಿನ ಮೂಲೆಗೆ ಹತ್ತಿಯಲ್ಲಿ ಅದ್ದಿ ಇಟ್ಟಿದ್ದಾರೆ.